ಹವಳದ ತೊಟ್ಟಿಯ ಪಾಚಿ ಮತ್ತು ಐಪ್ಟೇಸಿಯಾ

ಮುಂಬಯಿಯ ಮಾಟುಂಗ, ಡೊಂಬಿವಲಿಗಳ ನಮ್ಮ ಕನ್ನಡಿಗರ ಮನೆಗಳಲ್ಲಿ ಹವಳದ ಅಕ್ವೇರಿಯಂ ಇಟ್ಟವರು, ಕೂದಲಿನಂಥ ಪಾಚಿ ಕಂಡೊಡನೆ ಔಷಧಿ ಹುಡುಕದೆ ಮೊದಲು ನೀರನ್ನು ಪರೀಕ್ಷಿಸಬೇಕು. ಏಕೆಂದರೆ ಪಾಚಿಯನ್ನು ಪೋಷಿಸುವ ನೈಟ್ರೇಟ್ ಮತ್ತು ಫಾಸ್ಫೇಟ್ ಸಾಮಾನ್ಯವಾಗಿ ಸೇರುವುದು ಮೀನಿಗೆ ಹಾಕುವ ಅತಿಯಾದ ಆಹಾರದಿಂದ ಮತ್ತು ಶುದ್ಧೀಕರಿಸದ ನೀರಿನಿಂದ. ಆರ್‌ಒ ನೀರನ್ನು ಉಳಿದ ಲವಣಗಳನ್ನು ಹೀರುವ ಡಿಐ ರೆಸಿನ್ ಮೂಲಕವೂ ಹಾಯಿಸಿ, ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆಯೇ ಉಪ್ಪು ಬೆರೆಸಿರಿ. ಫಾಸ್ಫೇಟ್ ಪೂರ್ತಿ ಇಲ್ಲವಾದರೆ ಹವಳವೂ ಸೊರಗುತ್ತದೆ ಎಂಬುದನ್ನು ಮರೆಯಬಾರದು.

ಪಾಚಿಯನ್ನು ಕೈಯಿಂದ ಕೀಳಬಹುದು. ಹವಳವನ್ನು ಕುಟುಕುವ ಐಪ್ಟೇಸಿಯಾ ಎಂಬ ಜೀವಿಯನ್ನು ಮಾತ್ರ ಕೀಳಲೇಬಾರದು, ಕಲ್ಲಿನಲ್ಲಿ ಉಳಿದ ಚೂರಿನಿಂದಲೇ ಹೊಸದು ಬೆಳೆಯುತ್ತದೆ. ಪಂಪ್ ನಿಲ್ಲಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಶುದ್ಧ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿಯ ಮೇಲೆ ನಿಧಾನವಾಗಿ ಬಿಡಿರಿ. ಈ ಮಿಶ್ರಣ ತೀವ್ರ ಕ್ಷಾರವಾದ್ದರಿಂದ ಕೈಗವಸು, ಕನ್ನಡಕ ಅಗತ್ಯ. ತೊಟ್ಟಿಯ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರದಂತೆ ದಿನಕ್ಕೆ ಎರಡು ಮೂರು ಐಪ್ಟೇಸಿಯಾಗಳಿಗಷ್ಟೇ ಹಾಕಿರಿ.