ಪ್ರಚಾರಚಿತ್ರವನ್ನು ಕಿವಿಯಿಂದ ಬಿಡಿಸುವುದು: ನನ್ನ ಅನುಭವ

1942ರ ‘ಲಿಸನ್ ಟು ಬ್ರಿಟನ್’ ಸುಮಾರು 20 ನಿಮಿಷದ ಚಿತ್ರ. ಬ್ರಿಟಿಷ್ ಮಾಹಿತಿ ಸಚಿವಾಲಯದ ಕ್ರೌನ್ ಫಿಲ್ಮ್ ಯೂನಿಟ್‌ಗಾಗಿ ಹಂಫ್ರಿ ಜೆನಿಂಗ್ಸ್ ಮತ್ತು ಸ್ಟುವರ್ಟ್ ಮೆಕ್‌ಆಲಿಸ್ಟರ್ ಮಾಡಿದ್ದು. ನಿರೂಪಣೆ ಇಲ್ಲ. ‘ನಾವೆಲ್ಲ ಒಂದು’ ಎಂದು ಯಾರೂ ಹೇಳುವುದಿಲ್ಲ, ಆದರೆ ಮುಗಿಯುವ ಹೊತ್ತಿಗೆ ಆ ಮಾತು ಮನಸ್ಸಿಗೆ ಇಳಿದಿರುತ್ತದೆ. ಇಳಿಸಿದ್ದು ಹೇಗೆ ಎಂದು ಹಿಡಿಯಲು ನಾನು ಬಳಸುವ ದಾರಿ ಹೀಗಿದೆ.

ಹಾಳೆಯಲ್ಲಿ ಐದು ಕಾಲಂ: ಸಮಯ, ದೃಶ್ಯ, ಶಬ್ದ, ಶಬ್ದದ ಮೂಲ ಕಾಣುತ್ತದೆಯೇ, ಚೌಕಟ್ಟಿನಲ್ಲಿ ಯಾರಿದ್ದಾರೆ. ಮೊದಲ ಸಲ ಏನೂ ಬರೆಯದೆ ನೋಡುತ್ತೇನೆ. ಎರಡನೇ ಸಲ ಮ್ಯೂಟ್ ಮಾಡಿ ಕಟ್‌ಗಳನ್ನಷ್ಟೇ, ಅಂದರೆ ಒಂದು ದೃಶ್ಯ ಮುಗಿದು ಇನ್ನೊಂದು ಬರುವ ಜಾಗಗಳನ್ನಷ್ಟೇ, ಗುರುತಿಸುತ್ತೇನೆ. ಮೂರನೇ ಸಲ ಪರದೆ ಮುಚ್ಚಿ, ಶಬ್ದ ಬದಲಾದ ಕ್ಷಣಗಳನ್ನು ಬರೆಯುತ್ತೇನೆ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟಾಗ, ದೃಶ್ಯ ಕತ್ತರಿಸಿದರೂ ಶಬ್ದ ಮುಂದುವರಿಯುವ ಜಾಗಗಳು ಎದ್ದು ಕಾಣುತ್ತವೆ. ಪ್ರಚಾರದ ಕೆಲಸ ನಡೆಯುವುದು ಅಲ್ಲೇ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಾಸ್ಯ-ಗಾಯಕ ಜೋಡಿ ಫ್ಲಾನಗನ್ ಮತ್ತು ಆಲನ್ ಹಾಡುತ್ತಾರೆ, ಊಟಕ್ಕೆ ಕೂತ ಕೆಲಸಗಾರರು ದನಿಗೂಡಿಸುತ್ತಾರೆ. ಆ ಹಾಡಿನ ಬಾಲಕ್ಕೇ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಎಂಬ ಚಿತ್ರಶಾಲೆಯಲ್ಲಿ ನಡೆಯುವ ಕಛೇರಿಯ ಮೊಜಾರ್ಟ್ ಸಂಗೀತ ಅಂಟಿಕೊಳ್ಳುತ್ತದೆ. ಪಿಯಾನೋ ಮುಂದೆ ಮೈರಾ ಹೆಸ್, ಜೊತೆಗೆ ವಾಯುಪಡೆಯ ವಾದ್ಯವೃಂದ. ಕೇಳುಗರ ನಡುವೆ ರಾಣಿ, ಆರನೇ ಜಾರ್ಜ್‌ನ ಪತ್ನಿ ಎಲಿಜಬೆತ್, ಎಲ್ಲರಂತೆ ಕೂತಿದ್ದಾರೆ. ಅದೇ ಸಂಗೀತ ಹೊರಗೆ ಟ್ರಫಾಲ್ಗರ್ ಚೌಕಕ್ಕೆ, ಅಲ್ಲಿಂದ ಮತ್ತೆ ಕಾರ್ಖಾನೆಗೆ ಹರಿಯುತ್ತದೆ. ಕ್ಯಾಂಟೀನನ್ನೂ ರಾಣಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಒಂದು ಕಟ್. ಜರ್ಮನ್ ಭಾಷಿಕ ಮೊಜಾರ್ಟ್‌ನನ್ನು ಜರ್ಮನಿಯೊಂದಿಗಿನ ಯುದ್ಧದ ನಡುವೆಯೇ ತಮ್ಮವನನ್ನಾಗಿ ಮಾಡಿಕೊಂಡಿದ್ದಾರಲ್ಲ, ಆ ಆತ್ಮವಿಶ್ವಾಸ ನನಗೆ ಯಾವ ಭಾಷಣಕ್ಕಿಂತಲೂ ದೊಡ್ಡದು.

ನಾಲ್ಕನೇ ಕಾಲಂನಲ್ಲಿ ಬಹಳ ಜನ ‘ಹಿನ್ನೆಲೆ ಸಂಗೀತ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಗೆ ಬರೆದರೆ ಇಡೀ ಚಿತ್ರವೇ ಕೈತಪ್ಪುತ್ತದೆ. ಇಲ್ಲಿ ಸಂಗೀತ ಬಹುಪಾಲು ಜನರ ನಡುವಿನಿಂದಲೇ ಹುಟ್ಟುತ್ತದೆ: ರೇಡಿಯೋ, ಬ್ಯಾಂಡು, ರೈಲಿನಲ್ಲಿ ಹಾಡುವ ಸೈನಿಕರು. ಕೊನೆಯ ದೇಶಭಕ್ತಿ ಗೀತೆ ‘ರೂಲ್ ಬ್ರಿಟಾನಿಯಾ’ದ ಗಾಯಕರು ಮಾತ್ರ ತೆರೆಯ ಮೇಲಿಲ್ಲ. ಸರ್ಕಾರದ ದನಿ ನೇರವಾಗಿ ಕೇಳುವುದು ಅಲ್ಲಿ.

ಕೆಲವು ಪ್ರತಿಗಳ ಆರಂಭದಲ್ಲಿ ಕೆನಡಾದ ಲೆನರ್ಡ್ ಬ್ರಾಕಿಂಗ್ಟನ್ ಅವರ ಮುನ್ನುಡಿ ಇರುತ್ತದೆ. ಅದು ಆಮೇಲೆ ಸೇರಿಸಿದ್ದು. ಸಮಯವನ್ನು ಅದು ಮುಗಿದ ಮೇಲೆ ಸೊನ್ನೆಯಿಂದ ಎಣಿಸಿ. ಹಳೆಯ ಪಾಲ್ (ಯುರೋಪ್, ಭಾರತ ಮುಂತಾದೆಡೆ ಬಳಸುತ್ತಿದ್ದ ಟಿವಿ ಮಾದರಿ) ಡಿವಿಡಿಯಾದರೆ ಇನ್ನೊಂದು ತೊಡಕು: ಸೆಕೆಂಡಿಗೆ 24 ಫ್ರೇಮಿನ ಚಿತ್ರ 25ರಲ್ಲಿ ಓಡಿ, 20 ನಿಮಿಷ 19 ನಿಮಿಷ 12 ಸೆಕೆಂಡಿಗೆ ಇಳಿಯುತ್ತದೆ. ಬೇರೆ ಪ್ರತಿಯೊಂದಿಗೆ ಹೋಲಿಸುವ ಮುನ್ನ ಪ್ರತಿ ಸಮಯವನ್ನೂ 25ರಿಂದ ಗುಣಿಸಿ 24ರಿಂದ ಭಾಗಿಸಿ. ಶ್ರುತಿಯೂ ಅರ್ಧ ಸ್ವರಕ್ಕೆ ತುಸು ಕಡಿಮೆಯಷ್ಟು ಏರಿರುತ್ತದೆ, ಹಾಗಾಗಿ ಆ ಡಿಸ್ಕ್ ಕೇಳಿ ಸ್ವರಸ್ಥಾನ ಗುರುತಿಸಬೇಡಿ.