ಮುಟ್ಟಿದರೆ ಮುನಿಯ ಕರೆಂಟ್ ನೋಡುವುದು ಹೇಗೆ?

ಮೊದಲ ಸಲಕ್ಕೆ ಮುಟ್ಟಿದರೆ ಮುನಿಯನ್ನೇ ತಗೊಳ್ಳಿ. ಮುಟ್ಟಿದಾಗ ಗಿಡದೊಳಗೆ ಸಾಗುವ ಕರೆಂಟಿನ ಸಿಗ್ನಲ್ ಹೊರಟಿತೋ ಇಲ್ಲವೋ ಅಂತ ಎಲೆಯೇ ಮುದುಡಿ ಹೇಳುತ್ತದೆ.

ಎಲೆಯ ತೊಟ್ಟಿಗೆ ತೆಳುವಾದ ಬೆಳ್ಳಿ ತಂತಿ ಒಂದು ಸುತ್ತು ಸುತ್ತಿ, ಮೇಲೊಂದು ಹನಿ ಇಸಿಜಿ ಜೆಲ್ ಹಚ್ಚಿ. ಇನ್ನೊಂದು ತಂತಿ ಒದ್ದೆ ಮಣ್ಣಿಗೆ. ಎರಡನ್ನೂ ಆಂಪ್ಲಿಫೈಯರ್‌ (ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಸಾಧನ) ಮೂಲಕ ಲ್ಯಾಪ್‌ಟಾಪ್‌ಗೆ ಕೊಡಿ. ಚಾರ್ಜರ್ ಕಿತ್ತುಬಿಡಿ, ಇಲ್ಲದಿದ್ದರೆ ಪ್ಲಗ್ಗಿನ ಕರೆಂಟಿನ ಅಲೆಯೇ ಜಾಸ್ತಿ ಕಾಣುತ್ತದೆ.

ತಂತಿ ಸುತ್ತುವಾಗ ಎಲೆ ಮುದುಡೇ ಮುದುಡುತ್ತದೆ. ಪೂರ್ತಿ ಬಿಚ್ಚಿಕೊಳ್ಳುವ ತನಕ ಸುಮ್ನೆ ಕಾಯಿರಿ. ನಾನಂತೂ ಫ್ಯಾನ್ ಕೂಡ ಹಾಕುವುದಿಲ್ಲ.

ಈಗ ಎಲೆಯ ತುದಿ ಮುಟ್ಟಿ. ಕಿರುಎಲೆಗಳು ಜೋಡಿ ಜೋಡಿಯಾಗಿ ಮಡಚುತ್ತಾ ಬುಡದತ್ತ ಬರುತ್ತವೆ. ಸಿಗ್ನಲ್ ತೊಟ್ಟಿಗೆ ಬಂದಾಗ ಪರದೆಯ ಗೆರೆ ಥಟ್ಟನೆ ಜಿಗಿದು, ನಿಧಾನಕ್ಕೆ ವಾಪಸ್ ಬರುತ್ತದೆ. 1873ರಲ್ಲಿ ಇಂಗ್ಲಿಷ್ ವಿಜ್ಞಾನಿ ಬರ್ಡನ್ ಸ್ಯಾಂಡರ್ಸನ್, ಹುಳ ಹಿಡಿಯುವ ಗಿಡ ವೀನಸ್ ಫ್ಲೈಟ್ರ್ಯಾಪ್‌ನಲ್ಲಿ ಅಳೆದದ್ದೂ ಇಂಥದ್ದೇ ಸಿಗ್ನಲ್.

ಇಲ್ಲೇ ಯಾರಾದರೂ ಚೀನೀ ವೈದ್ಯದ ‘ಚೀ’ (ದೇಹದಲ್ಲಿ ಹರಿಯುತ್ತದೆ ಎನ್ನುವ ಜೀವಶಕ್ತಿ) ಮಾತು ತೆಗೆಯುತ್ತಾರೆ. ಗಿಡಕ್ಕೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿದರೆ ಗೆರೆ ಕುಣಿಯುತ್ತಲ್ವಾ ಅಂತ. ಕುಣಿಯುತ್ತದೆ, ಅದು ಗಾಯದ ಸಿಗ್ನಲ್. ಹೊಲಿಗೆ ಸೂಜಿಯನ್ನು ಬೇರೆ ಜಾಗಕ್ಕೆ ಚುಚ್ಚಿ ನೋಡಿ, ಆಗಲೂ ಕುಣಿಯುತ್ತದೆ. ಗಿಡದ ಸಿಗ್ನಲ್ ಸಾಗುವ ಫ್ಲೋಯಂ ನಾಳ (ಗಿಡದ ಆಹಾರ ಸಾಗಿಸುವ ಕೊಳವೆ) ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಚೀ ಹರಿಯುವ ದಾರಿ ಎನ್ನುವ ಮೆರಿಡಿಯನ್‌ಗೆ ಅಂಥ ನಾಳ ಇನ್ನೂ ಸಿಕ್ಕಿಲ್ಲ.