ವೋಟರ್ ಐಡಿ ಇದ್ದರೆ ಸಾಲದು: ಮತಗಟ್ಟೆಗೆ ಹೊರಡುವ ಮುನ್ನ ಮಾಡಬೇಕಾದ್ದು

ಮತದಾನದ ದಿನ ಬೆಂಗಳೂರಿನ ಯಾವ ಶಾಲೆಯ ಗೇಟಿನ ಬಳಿ ನಿಂತರೂ ಒಂದು ಜಗಳ ಕಿವಿಗೆ ಬೀಳುತ್ತದೆ. 'ಕಾರ್ಡ್ ಇದೆಯಲ್ಲ ಸಾರ್, ಯಾಕೆ ಬಿಡಲ್ಲ?' ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಅಷ್ಟೇ ವಿಷಯ.

ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯ ಮಾಡಬೇಕಾ ಎಂಬ ವಾದ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನಲ್ಲಿ ಈ ನಿಯಮ ಶುರುವಾಗಿದ್ದು 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ. ಕಳ್ಳವೋಟು ನಿಲ್ಲುತ್ತದೆ ಅಂತ ಕೆಲವರು, ಕಾರ್ಡ್ ಇಲ್ಲದ ಬಡವರು ಹೊರಗುಳಿಯುತ್ತಾರೆ ಅಂತ ಕೆಲವರು. ನಮ್ಮಲ್ಲಿ ಆಗಿನ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ 1993ರಲ್ಲೇ ಫೋಟೊ ಚೀಟಿ ತಂದರು. ಅದಿಲ್ಲದವರು ಬೇರೆ ದಾಖಲೆ ತೋರಿಸಬಹುದು. ಹಾಗಾಗಿ ಇಲ್ಲಿ ಜನ ಎಡವುವುದು ಕಾರ್ಡಿನಲ್ಲಿ ಅಲ್ಲ, ಪಟ್ಟಿಯಲ್ಲಿ.

ಹಂತ 1: ಪಟ್ಟಿಯಲ್ಲಿ ಹೆಸರು ನೋಡಿ

ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಎಪಿಕ್ ನಂಬರ್ (ವೋಟರ್ ಐಡಿ ಮೇಲಿರುವ ಸಂಖ್ಯೆ) ಹಾಕಿ ಹುಡುಕಿ. ಹೆಸರು ಹಾಕಿ ಹುಡುಕುವ ಗೋಜಿಗೇ ಹೋಗಬೇಡಿ. ಇನಿಶಿಯಲ್ ಮುಂದಿದೆಯೋ ಹಿಂದಿದೆಯೋ, ಸ್ಪೆಲಿಂಗ್ ಹೇಗಿದೆಯೋ, ಯಾರಿಗೆ ಗೊತ್ತು? ಆ್ಯಪ್ ಬೇಡ ಅನ್ನುವವರು 1950ಕ್ಕೆ ಫೋನ್ ಮಾಡಿ. ಸಿಕ್ಕಿದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹೆಸರು ಹಳೇ ಮನೆಯ ವಿಳಾಸದಲ್ಲೇ ಉಳಿದಿದ್ದರೆ? ಬಾಡಿಗೆ ಮನೆ ಬದಲಿಸುತ್ತಲೇ ಇರುವ ಈ ಊರಲ್ಲಿ ಇದೇ ದೊಡ್ಡ ತಲೆನೋವು. ವಿಜಯನಗರದಿಂದ ಯಲಹಂಕಕ್ಕೆ ಬಂದವರು ಫಾರ್ಮ್ 8 ತುಂಬಬೇಕು. ಬಹಳ ಜನ ಫಾರ್ಮ್ 6 ತುಂಬಿಬಿಡುತ್ತಾರೆ. ಅದು ಮೊದಲ ಸಲ ಹೆಸರು ಸೇರಿಸುವವರಿಗೆ. ಆಗ ಎರಡು ಕಡೆ ಹೆಸರು ಬರುತ್ತದೆ, ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಗೊತ್ತಿದ್ದೂ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲೂ ಆಗಬಹುದು.

ವಿಳಾಸದ ದಾಖಲೆಯದ್ದು ಇನ್ನೊಂದು ಕಗ್ಗಂಟು. ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿದ ಹನ್ನೊಂದು ತಿಂಗಳ ಅಗ್ರಿಮೆಂಟ್ ಇಟ್ಟುಕೊಂಡು ಬರುತ್ತಾರೆ. ಫಾರ್ಮ್‌ನಲ್ಲಿ ಕೇಳಿರುವುದು ರಿಜಿಸ್ಟರ್ ಆದ ಕರಾರು. ಮೊದಲು ಆಧಾರ್‌ನಲ್ಲಿ ವಿಳಾಸ ಬದಲಿಸಿ ಅದನ್ನೇ ಕೊಡಿ, ಸುಲಭ. ಆಮೇಲೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ವಿಚಾರಿಸಬಹುದು. ಅಪಾರ್ಟ್‌ಮೆಂಟಿನವರು ಸೆಕ್ಯುರಿಟಿಗೆ ಹೇಳಿಡಿ. ಗೇಟಲ್ಲೇ ವಾಪಸ್ ಕಳಿಸಿದರೆ ನಿಮ್ಮ ಅರ್ಜಿ ಅಲ್ಲೇ ಕೂರುತ್ತದೆ. ರೆಫರೆನ್ಸ್ ನಂಬರ್ ಹಾಕಿ ಆಗಾಗ ನೋಡುತ್ತಿರಿ.

ಅಂದಹಾಗೆ, ಅಂಗಡಿಯಲ್ಲಿ ದುಡ್ಡು ಕೊಟ್ಟು ಹೊಳೆಯುವ ಪ್ಲಾಸ್ಟಿಕ್ ಕಾರ್ಡ್ ಮಾಡಿಸಿದರೆ ಪಟ್ಟಿಗೆ ಹೆಸರು ಬರಲ್ಲ. ಸುಮ್ನೆ ಖರ್ಚು.

ಹಂತ 2: ದಾಖಲೆ ಆರಿಸಿ

ವೋಟರ್ ಐಡಿ ಇದ್ದರೆ ಅದೇ ಸಾಕು. ಬೇರೆ ಕ್ಷೇತ್ರದಲ್ಲಿ ಕೊಟ್ಟಿದ್ದಾದರೂ ಸರಿ, ಈ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿರಬೇಕು. ಚಿಕ್ಕಪುಟ್ಟ ಅಕ್ಷರದ ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಡಿ. ಫೋಟೊ ನಿಮ್ಮ ಮುಖಕ್ಕೆ ಹೊಂದದಿದ್ದರೆ ಮಾತ್ರ ಇನ್ನೊಂದು ದಾಖಲೆ ಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬದಲಿಯಾಗಿ 12 ದಾಖಲೆಗಳಿಗೆ ಅವಕಾಶವಿತ್ತು: ಆಧಾರ್, ಪ್ಯಾನ್, ಡಿಎಲ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಹೀಗೆ. ರೇಷನ್ ಕಾರ್ಡ್ ಅದರಲ್ಲಿ ಇರಲಿಲ್ಲ. ಕಂಪನಿಯ ಟ್ಯಾಗ್? ಪಬ್ಲಿಕ್ ಲಿಮಿಟೆಡ್ ಆಗಿದ್ದರೆ ನಡೆಯುತ್ತಿತ್ತು, ಪ್ರೈವೇಟ್ ಆದರೆ ಇಲ್ಲ. ಬಿಸಿಲಲ್ಲಿ ನಿಂತು ಈ ವಾದ ಯಾಕೆ, ಆಧಾರ್ ಜೇಬಿಗೆ ಹಾಕಿಕೊಳ್ಳಿ. ಫೋನಿನಲ್ಲಿರುವ ಫೋಟೊ ನಂಬಬೇಡಿ, ಒಳಗೆ ಫೋನ್ ಬಿಡುವುದಿಲ್ಲ.

ಮನೆಗೆ ಬರುವ ವೋಟರ್ ಸ್ಲಿಪ್ 2019ರಿಂದ ಗುರುತಿನ ದಾಖಲೆ ಅಲ್ಲ. ಬೂತ್ ಹುಡುಕಲು ಮಾತ್ರ.

ಹಂತ 3: ಹೋಗಿ, ತೋರಿಸಿ, ಒತ್ತಿ

ಇದರಲ್ಲಿ ವಿವರಿಸುವಂಥದ್ದೇನೂ ಇಲ್ಲ. ಬೆರಳಿಗೆ ಹಾಕುವ ಮೈಸೂರಿನ ಶಾಯಿ ಒರೆಸಿಕೊಳ್ಳಬೇಡಿ, ಅಷ್ಟೇ.

ಹಂತ 4: ನಿಮ್ಮ ವೋಟು ಬೇರೆಯವರು ಹಾಕಿದ್ದರೆ

ಬೈದುಕೊಂಡು ಮನೆಗೆ ಹೋಗಬೇಡಿ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಹತ್ತಿರ 'ಟೆಂಡರ್ಡ್ ವೋಟ್' ಬೇಕು ಅಂತ ಕೇಳಿ. ನಿಮ್ಮ ಗುರುತಿನ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿ ಅನಿಸಿದರೆ ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಗುರುತು ಮಾಡಿ, ಮಡಚಿ ಅವರ ಕೈಗೇ ಕೊಡಬೇಕು. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರುವುದಿಲ್ಲ, ಆದರೆ ಫಲಿತಾಂಶ ಕೋರ್ಟಿಗೆ ಹೋದರೆ ನಿಮ್ಮ ಮತದ ದಾಖಲೆ ಅಲ್ಲಿರುತ್ತದೆ.